ಬಸ್ಸಿನ ನೆತ್ತಿಯ ಮೇಲೊಂದು ಹಲಗೆ: ಓಡುವ ಗಾಡಿಗೆ ಉಪಗ್ರಹದ ಇಂಟರ್ನೆಟ್ ಹೇಗೆ ಸಿಗುತ್ತದೆ?

2025ರ ಜೂನ್‌ನಲ್ಲಿ ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಕಂಪನಿಗೆ ಕೇಂದ್ರದ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಸಿಕ್ಕಿತು. ಅದೇ ವರ್ಷ ನವೆಂಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಅದರ ಜೊತೆ ಆಶಯ ಪತ್ರಕ್ಕೆ ಸಹಿ ಹಾಕಿತು. ಗಡಚಿರೋಲಿ, ನಂದುರಬಾರ್‌ನಂಥ ದೂರದ ಜಿಲ್ಲೆಗಳಿಗೆ ಉಪಗ್ರಹದಿಂದ ಇಂಟರ್ನೆಟ್ ಕೊಡುವ ಯೋಚನೆ ಅದು. ಪುಣೆಯಲ್ಲಿರುವ ನಮ್ಮ ಜನ ಕೇಳುವುದು ಮಾತ್ರ ಬೇರೆ: "ಮನೆಗೆ ಬೇಡ ಬಿಡಿ, ಮನೇಲಿ ಫೈಬರ್ ಇದೆ. ಊರಿಗೆ ಹೋಗೋ ಬಸ್ಸಿನ ಮೇಲೆ ಹಾಕಕ್ಕಾಗುತ್ತಾ?"

ಕೇಳುವುದರಲ್ಲಿ ತಪ್ಪಿಲ್ಲ. ಬೆಳಗಾವಿಯಿಂದ ಗೋವಾಕ್ಕೆ ಚೋರ್ಲಾ ಘಾಟ್ ಇಳಿಯುವಾಗ ಫೋನಿನ ಕಡ್ಡಿಗಳು ಒಂದೊಂದೇ ಮಾಯವಾಗುತ್ತವೆ. ಮುಂಬೈಯಿಂದ ಮತ್ಸ್ಯಗಂಧ ರೈಲು ಹತ್ತಿ ಉಡುಪಿಗೆ ಹೊರಟವರಿಗೆ ಕೊಂಕಣದ ಉದ್ದಕ್ಕೂ ಇದೇ ಕತೆ. ಕಾಡಿನ ನಡುವೆ ಟವರ್ ನಿಲ್ಲಿಸುವುದಕ್ಕಿಂತ ಮೇಲಿನಿಂದಲೇ ಸಿಗ್ನಲ್ ತರುವುದು ಸುಲಭ ಅಲ್ವಾ ಅನ್ನಿಸುತ್ತದೆ. ಮನೆಗೆ ತರುವುದು ಸುಲಭವೇ. ಓಡುವ ಗಾಡಿಗೆ ತರುವುದು, ಅದರಲ್ಲೂ ಗಾಡಿಯ ತಲೆ ಮೇಲೆ ಎತ್ತರದ ಡಿಶ್ ಬದಲು ಹಲಗೆಯಂಥ ಚಪ್ಪಟೆ ಆಂಟೆನಾ ಕೂರಿಸಿ ತರುವುದು, ಆಂಟೆನಾ ಎಂಜಿನಿಯರುಗಳಿಗೆ ಹತ್ತಾರು ವರ್ಷದಿಂದ ತಲೆನೋವು. ಏಕೆ ಅನ್ನುವುದನ್ನು ಬುಡದಿಂದ ನೋಡೋಣ.

## ಮೇಲೆ ಇರುವುದು ಎರಡು ಬಗೆಯ ಉಪಗ್ರಹ

ಮೊದಲನೆಯದು ಭೂಸ್ಥಿರ ಉಪಗ್ರಹ. ಇದು ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿರುತ್ತದೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಇದೂ ಒಂದು ಸುತ್ತು ಹೊಡೆಯುತ್ತದೆ. ಹಾಗಾಗಿ ಕೆಳಗಿನಿಂದ ನೋಡಿದರೆ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ಟಿವಿ ಡಿಶ್ ಹಾಕಲು ಬಂದ ಹುಡುಗ ಒಮ್ಮೆ ಬೋಲ್ಟ್ ಬಿಗಿ ಮಾಡಿ ಹೋದರೆ ವರ್ಷಗಟ್ಟಲೆ ಅದನ್ನು ಮುಟ್ಟಬೇಕಾಗಿಲ್ಲ, ಕಾರಣ ಇದೇ.

ತೊಂದರೆ ದೂರದ್ದು. ಸಿಗ್ನಲ್ ಮೇಲೆ ಹೋಗಿ ಕೆಳಗೆ ಬರಲು ಸುಮಾರು 72,000 ಕಿ.ಮೀ. ಆಗುತ್ತದೆ. ಬೆಳಕಿನ ವೇಗದಲ್ಲಿ ಹೋದರೂ ಕಾಲು ಸೆಕೆಂಡ್. ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡ್. ಇಂಥ ಉಪಗ್ರಹದ ಮೂಲಕ ಹೋಗುವ ವಿಡಿಯೊ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುವುದು ಇದರಿಂದಲೇ.

ಎರಡನೆಯದು ಕೆಳಗಿನ ಕಕ್ಷೆಯ ಉಪಗ್ರಹಗಳು. ಸ್ಟಾರ್‌ಲಿಂಕ್‌ನವು ಹೆಚ್ಚಿನವು 480ರಿಂದ 550 ಕಿ.ಮೀ. ಆಸುಪಾಸಿನಲ್ಲಿ, ಒನ್‌ವೆಬ್ ಎಂಬ ಇನ್ನೊಂದು ಕಂಪನಿಯವು 1,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಹತ್ತಿರ ಇರುವುದರಿಂದ ತಡ ಆಗುವುದಿಲ್ಲ. 550 ಕಿ.ಮೀ. ಅಂದರೆ ಭೂಸ್ಥಿರ ಉಪಗ್ರಹಕ್ಕಿಂತ 65 ಪಟ್ಟು ಹತ್ತಿರ. ಸಿಗ್ನಲ್ ದೂರದ ವರ್ಗದ ಲೆಕ್ಕದಲ್ಲಿ ಸೊರಗುತ್ತದೆ, ಅಂದರೆ ದೂರ ಎರಡು ಪಟ್ಟಾದರೆ ಸಿಗ್ನಲ್ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಬರೀ ದೂರದ ಲೆಕ್ಕದಲ್ಲೇ ನಾಲ್ಕು ಸಾವಿರ ಪಟ್ಟಿಗಿಂತ ಜಾಸ್ತಿ ಉಳಿತಾಯ. ಆದರೆ ಇವು ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಓಡುತ್ತಿರುತ್ತವೆ. ಒಂದೊಂದು ಉಪಗ್ರಹ ನಮ್ಮ ತಲೆ ಮೇಲೆ ಇರುವುದು ಕೆಲವೇ ನಿಮಿಷ. ಆಮೇಲೆ ಇನ್ನೊಂದನ್ನು ಹಿಡಿಯಬೇಕು.

ಇಲ್ಲಿ ಒಂದು ವಿಷಯ ಬಹಳ ಜನರಿಗೆ ಅಚ್ಚರಿ ಅನ್ನಿಸುತ್ತದೆ. ಗಾಡಿಯ ವೇಗ ಈ ಕತೆಯಲ್ಲಿ ದೊಡ್ಡ ಸಮಸ್ಯೆಯೇ ಅಲ್ಲ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಏಳೂವರೆ ಕಿ.ಮೀ. ಮುಂದೆ ಅದು ಯಾವ ಲೆಕ್ಕ? ಭೂಸ್ಥಿರ ಉಪಗ್ರಹದ ವಿಷಯದಲ್ಲೂ ಅಷ್ಟೇ. ಪುಣೆಯಿಂದ ನೋಡಿದರೆ 74 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಉಪಗ್ರಹ ದಿಗಂತದಿಂದ ಸುಮಾರು 68 ಡಿಗ್ರಿ ಮೇಲಿದೆ. ರಾತ್ರಿಯಿಡೀ ಓಡಿ ಹುಬ್ಬಳ್ಳಿ ತಲುಪಿದರೆ ಅದು 72 ಡಿಗ್ರಿ ಆಗಿರುತ್ತದೆ, ಅಷ್ಟೇ. ಇಡೀ ಪ್ರಯಾಣದಲ್ಲಿ ನಾಲ್ಕು ಡಿಗ್ರಿ. ಕಷ್ಟ ಕೊಡುವುದು ಗಾಡಿಯ ತಿರುವು, ವಾಲಾಟ ಮತ್ತು ಕುಲುಕಾಟ.

## ಡಿಶ್ ದೊಡ್ಡದಾದಷ್ಟೂ ಕಿರಣ ಸಣ್ಣದು

ಪುಣೆ–ನಾಸಿಕ್ ರಸ್ತೆಯಲ್ಲಿ ನಾರಾಯಣಗಾಂವ್ ಹತ್ತಿರ ಆರ್ವಿ ಅನ್ನುವ ಊರಿದೆ. 1970ರ ದಶಕದ ಆರಂಭದಲ್ಲಿ ಅಲ್ಲಿ ವಿಕ್ರಮ್ ಭೂಕೇಂದ್ರ ಶುರುವಾಯಿತು. ವಿಕ್ರಮ್ ಸಾರಾಭಾಯಿ ಅವರ ಹೆಸರಿನ ಈ ಕೇಂದ್ರದಿಂದಲೇ ಭಾರತದ ಹೊರದೇಶದ ಫೋನ್ ಕರೆಗಳು ಉಪಗ್ರಹದ ದಾರಿ ಹಿಡಿದವು. ಅಲ್ಲಿನ ಡಿಶ್‌ನ ಅಗಲ ಸುಮಾರು 30 ಮೀಟರ್. ಆಗಿನ ಉಪಗ್ರಹಗಳ ಶಕ್ತಿ ಕಡಿಮೆ. ಅವು ಕಳಿಸುವ ಕ್ಷೀಣ ಸಿಗ್ನಲನ್ನು ಒಟ್ಟುಮಾಡಲು ಅಷ್ಟು ದೊಡ್ಡ ಬಟ್ಟಲೇ ಬೇಕಿತ್ತು.

ಆಂಟೆನಾ ಮಾಡುವ ಕೆಲಸ ಎರಡು. ಒಂದು, ಬಿದ್ದ ಸಿಗ್ನಲನ್ನು ಒಟ್ಟುಗೂಡಿಸುವುದು. ಇದಕ್ಕೆ ಅಗಲವಾದ ಮೈ ಬೇಕು. ಎರಡು, ಒಂದೇ ದಿಕ್ಕಿಗೆ ಗಮನ ಕೊಡುವುದು. ಆಂಟೆನಾ ಯಾವ ದಿಕ್ಕಿಗೆ ಶಕ್ತಿ ಕಳಿಸುತ್ತದೋ, ಯಾವ ದಿಕ್ಕಿನಿಂದ ಪಡೆಯುತ್ತದೋ, ಆ ಕಿರಿದಾದ ದಾರಿಗೆ ಬೀಮ್ ಅನ್ನುತ್ತಾರೆ. ನಾವು ಕಿರಣ ಅನ್ನೋಣ.

ಕಿರಣದ ಅಗಲ ಲೆಕ್ಕ ಹಾಕಲು ಸುಲಭದ ಸೂತ್ರ ಇದೆ. ತರಂಗಾಂತರವನ್ನು, ಅಂದರೆ ಒಂದು ಅಲೆಯ ಉದ್ದವನ್ನು, ಡಿಶ್‌ನ ಅಗಲದಿಂದ ಭಾಗಿಸಿ 70ರಿಂದ ಗುಣಿಸಿದರೆ ಸರಿಸುಮಾರು ಡಿಗ್ರಿ ಸಿಗುತ್ತದೆ. ಟಿವಿ ಡಿಶ್‌ಗಳು ಬಳಸುವ, ಕೆಯು ಬ್ಯಾಂಡ್ ಅನ್ನುವ ರೇಡಿಯೊ ಅಲೆಗಳ ಗುಂಪಿನಲ್ಲಿ, 12 ಗಿಗಾಹರ್ಟ್ಸ್‌ನಲ್ಲಿ, ಅಲೆಯ ಉದ್ದ ಎರಡೂವರೆ ಸೆಂ.ಮೀ. ಚಾವಣಿಯ 60 ಸೆಂ.ಮೀ. ಡಿಶ್‌ನ ಕಿರಣ ಹೆಚ್ಚುಕಡಿಮೆ 3 ಡಿಗ್ರಿ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ. ಅಂದರೆ ಆರು ಚಂದ್ರರನ್ನು ಸಾಲಾಗಿ ಇಟ್ಟಷ್ಟು ಜಾಗ ಮಾತ್ರ ಆ ಡಿಶ್‌ಗೆ ಕಾಣುತ್ತದೆ. ಜೋರು ಗಾಳಿಗೆ ಡಿಶ್ ಸ್ವಲ್ಪ ತಿರುಗಿದರೆ ಸೀರಿಯಲ್ ನಿಲ್ಲುವುದು ಇದಕ್ಕೇ.

ವೇಗದ ಇಂಟರ್ನೆಟ್ ಬೇಕೆಂದರೆ ದೊಡ್ಡ ಮೈ ಬೇಕು. ದೊಡ್ಡ ಮೈ ಅಂದರೆ ಸಣ್ಣ ಕಿರಣ. ಸಣ್ಣ ಕಿರಣ ಅಂದರೆ ಗುರಿ ತಪ್ಪಬಾರದು. ಈಗ ಇದನ್ನು ಬಸ್ಸಿನ ಮೇಲೆ ಇಡಿ.

## ಘಾಟ್‌ನ ಒಂದು ತಿರುವಿನಲ್ಲಿ

ಘಾಟ್‌ನ ಹೇರ್‌ಪಿನ್ ತಿರುವಿನಲ್ಲಿ ಗಾಡಿ ಹತ್ತು ಸೆಕೆಂಡಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿತು ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ 18 ಡಿಗ್ರಿ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲೇ ಗಾಡಿಯ ಮುಖ ಸುಮಾರು ಎರಡು ಡಿಗ್ರಿ ಬದಲಾಗಿರುತ್ತದೆ. ಜೊತೆಗೆ ಒಂದು ಚಕ್ರ ಗುಂಡಿಗೆ ಇಳಿದರೆ ಗಾಡಿ ಒಂದು ಕಡೆಗೆ ವಾಲುತ್ತದೆ. ಉಪಗ್ರಹ ನೆತ್ತಿಯ ಹತ್ತಿರ ಇರುವ ನಮ್ಮ ಕಡೆ ತಿರುವಿಗಿಂತ ಈ ವಾಲಾಟವೇ ಜಾಸ್ತಿ ಕಾಟ. ವಾಲಿದಷ್ಟು ಡಿಗ್ರಿಯೂ ನೇರವಾಗಿ ಗುರಿಯಲ್ಲಿ ತಪ್ಪಾಗಿ ಕಾಣಿಸುತ್ತದೆ.

ಬರೀ ಸಿಗ್ನಲ್ ಪಡೆಯುವುದಾದರೆ ಗುರಿ ತಪ್ಪಿದರೆ ನಷ್ಟ ನಮಗೆ ಮಾತ್ರ. ಇಂಟರ್ನೆಟ್‌ಗೆ ನಾವೂ ಸಿಗ್ನಲ್ ಕಳಿಸಬೇಕು. ಭೂಸ್ಥಿರ ಕಕ್ಷೆಯಲ್ಲಿ ಉಪಗ್ರಹಗಳು ಎಷ್ಟೋ ಕಡೆ ಎರಡು ಮೂರು ಡಿಗ್ರಿ ಅಂತರದಲ್ಲಿ ಸಾಲಾಗಿ ನಿಂತಿವೆ. ನಮ್ಮ ಕಿರಣ ಪಕ್ಕಕ್ಕೆ ಜಾರಿದರೆ ಇನ್ನೊಬ್ಬರ ಉಪಗ್ರಹಕ್ಕೆ ಗಲಾಟೆ. ಅದಕ್ಕೇ ನಿಯಮಗಳು ಬಿಗಿ. ಅಮೆರಿಕದ ನಿಯಮದಲ್ಲಿ ಇಂಥ ಆಂಟೆನಾಗಳ ಗುರಿಯ ತಪ್ಪು 0.2 ಡಿಗ್ರಿಯೊಳಗೆ ಇರಬೇಕು, ಅರ್ಧ ಡಿಗ್ರಿ ಮೀರಿದರೆ 100 ಮಿಲಿಸೆಕೆಂಡಿನೊಳಗೆ ಕಳಿಸುವುದನ್ನೇ ನಿಲ್ಲಿಸಬೇಕು ಎಂದಿತ್ತು. ಮೇಲೆ ಹೇಳಿದ ತಿರುವಿನ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ, ಕಷ್ಟ ಗೊತ್ತಾಗುತ್ತದೆ.

ಹಾಗಾಗಿ ಆಂಟೆನಾ ಒಳಗೆ ಗೈರೋ ಇರುತ್ತದೆ. ನಮ್ಮ ಫೋನ್ ತಿರುಗಿಸಿದರೆ ಪರದೆ ತಿರುಗುತ್ತಲ್ಲ, ಅಂಥದ್ದೇ ಸಂವೇದಕಗಳು, ಆದರೆ ತುಂಬಾ ನಿಖರ. ಗಾಡಿ ಎತ್ತ ವಾಲಿತು ಎಂದು ಅವು ಹೇಳುತ್ತವೆ, ಎಲ್ಲಿದೆ ಎಂದು ಜಿಪಿಎಸ್ ಹೇಳುತ್ತದೆ, ಉಪಗ್ರಹ ಯಾವ ದಿಕ್ಕಿನಲ್ಲಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅದು ಸಾಲದು ಅಂತ ಆಂಟೆನಾ ತನ್ನ ಕಿರಣವನ್ನು ತುಸು ಆಚೀಚೆ ಸರಿಸಿ, ಎಲ್ಲಿ ಸಿಗ್ನಲ್ ಜೋರಾಗಿದೆ ಎಂದು ಸದಾ ತಡಕುತ್ತಲೂ ಇರುತ್ತದೆ.

## ಎತ್ತರ ಯಾಕೆ ಬೇಡ?

ಹಡಗುಗಳಲ್ಲಿ ಈ ಸಮಸ್ಯೆಗೆ ಹಳೆಯ ಪರಿಹಾರ ಇದೆ. ಮುಂಬೈ ಬಂದರಿನಲ್ಲಿ ನಿಂತು ನೋಡಿದರೆ ಹಡಗಿನ ಮೇಲೆ ಬಿಳಿ ಗುಮ್ಮಟ ಕಾಣುತ್ತದೆ. ಅದರೊಳಗೆ ಒಂದು ಡಿಶ್, ಅದನ್ನು ಎಲ್ಲ ದಿಕ್ಕಿಗೂ ತಿರುಗಿಸುವ ಮೋಟರುಗಳು. ಹಡಗು ಉರುಳಾಡಿದರೂ ಡಿಶ್ ಮಾತ್ರ ಆಕಾಶದ ಒಂದೇ ಬಿಂದು ನೋಡುತ್ತಿರುತ್ತದೆ. ಆ ಗುಮ್ಮಟಕ್ಕೆ ರೇಡೋಮ್ ಅನ್ನುತ್ತಾರೆ. ರೇಡಿಯೊ ಅಲೆ ಅದರ ಮೂಲಕ ಹಾದುಹೋಗುತ್ತದೆ, ಮಳೆಗಾಳಿ ಹೋಗುವುದಿಲ್ಲ.

ಸುದ್ದಿ ಚಾನೆಲ್‌ನವರ ಓಬಿ ವ್ಯಾನ್‌ನದು ಇನ್ನೊಂದು ದಾರಿ. ಡಿಶ್ ಮಡಚಿ ಮಲಗಿಸಿಕೊಂಡು ಓಡುತ್ತದೆ. ನಿಂತ ಮೇಲೆ ಎತ್ತಿ, ಉಪಗ್ರಹ ಹುಡುಕಿ, ಆಮೇಲೆ ನೇರ ಪ್ರಸಾರ. ಓಡುವಾಗ ಪ್ರಸಾರ ಇಲ್ಲ.

ಹಡಗಿನ ಗುಮ್ಮಟವನ್ನು ಬೇರೆ ಕಡೆ ಇಡಲು ಹೋದರೆ ತಾಪತ್ರಯ. ಕೊಂಕಣ ರೈಲ್ವೆಯ ಇಡೀ ಮಾರ್ಗ 2022ರಲ್ಲಿ ವಿದ್ಯುದೀಕರಣ ಆಯಿತು. ಈಗ ಬೋಗಿಯ ಮೇಲೆ 25,000 ವೋಲ್ಟ್ ತಂತಿ ಹಾದುಹೋಗುತ್ತದೆ. ಅಲ್ಲಿ ಮೀಟರ್ ಎತ್ತರದ ಗುಮ್ಮಟಕ್ಕೆ ಜಾಗವೆಲ್ಲಿ? ವಿಮಾನದಲ್ಲಿ ಉಬ್ಬು ಜಾಸ್ತಿಯಾದರೆ ಗಾಳಿ ಎದುರು ನಿಲ್ಲುತ್ತದೆ, ಇಂಧನ ಸುಡುತ್ತದೆ. ಕಾರಿನ ಮೇಲಾದರೆ ಪಾರ್ಕಿಂಗ್‌ನ ಕಂಬಿಗೆ ತಗಲುತ್ತದೆ. ಸೇನೆಯ ಗಾಡಿಯ ಮೇಲೆ ಎತ್ತರದ ಡಿಶ್ ಇದ್ದರೆ 'ಇಲ್ಲೇ ಅಧಿಕಾರಿ ಕೂತಿದ್ದಾರೆ' ಎಂದು ಬೋರ್ಡ್ ಹಾಕಿದ ಹಾಗೆ. ಎಲ್ಲರಿಗೂ ಬೇಕಾದದ್ದು ತಗ್ಗಾದ, ಚಪ್ಪಟೆಯಾದ ಆಂಟೆನಾ.

## ತಗ್ಗಿಸುವ ದಾರಿಗಳು

ಮೊದಲಿಗೆ ಬಂದದ್ದು ಡಿಶ್ ಬದಲು ಪಟ್ಟಿಗಳು. ಒಂದು ದೊಡ್ಡ ಹಲಗೆಯನ್ನು ಮೂರು ನಾಲ್ಕು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಒಂದರ ಹಿಂದೆ ಒಂದು ಇಟ್ಟು, ಎಲ್ಲವನ್ನೂ ಒಂದೇ ಕೋನಕ್ಕೆ ಓರೆ ಮಾಡುತ್ತಾರೆ. ಎತ್ತರ ಒಂದು ಗೇಣಿನಷ್ಟಕ್ಕೆ ಇಳಿಯುತ್ತದೆ. ಆದರೆ ಹಿಂದಿನ ಪಟ್ಟಿಗೆ ಅಲೆ ಸ್ವಲ್ಪ ತಡವಾಗಿ ಬರುತ್ತದೆ. ಅದನ್ನು ಸರಿಪಡಿಸಿ ಕೂಡಿಸಬೇಕು. ತಗ್ಗಾದ ಕೋನದಲ್ಲಿ ಮುಂದಿನ ಪಟ್ಟಿ ಹಿಂದಿನದಕ್ಕೆ ಅಡ್ಡ ಬರುತ್ತದೆ.

ಇನ್ನೊಂದು ಉಪಾಯ ತಟ್ಟೆಗಳನ್ನು ತಿರುಗಿಸುವುದು. ಒಂದರ ಮೇಲೊಂದು ಇಟ್ಟ ಚಪ್ಪಟೆ ತಟ್ಟೆಗಳು. ಒಂದನ್ನು ಇನ್ನೊಂದಕ್ಕೆ ಹೋಲಿಸಿ ಎಷ್ಟು ತಿರುಗಿಸುತ್ತೀರೋ ಅದರ ಮೇಲೆ ಕಿರಣದ ಓರೆ ಬದಲಾಗುತ್ತದೆ. ಏನೂ ಮೇಲೆ ಏಳುವುದಿಲ್ಲ, ಎಲ್ಲವೂ ಮಲಗಿಕೊಂಡೇ ತಿರುಗುತ್ತದೆ. ಅಮೆರಿಕದ ಥಿಂಕಾಮ್ ಕಂಪನಿಯ ಇಂಥ ಆಂಟೆನಾಗಳು ನೂರಾರು ವಿಮಾನಗಳ ಮೇಲಿವೆ. ನನ್ನ ಮಟ್ಟಿಗೆ ಇದು ಈ ಕ್ಷೇತ್ರದ ಅತ್ಯಂತ ಚೆಂದದ ಯಂತ್ರ, ಆದರೆ ಜನರಿಗೆ ಹೆಸರೇ ಗೊತ್ತಿಲ್ಲ.

ಮೂರನೆಯದು ಕೈಮೆಟಾ ಎಂಬ ಕಂಪನಿ ಹಿಡಿದ ದಾರಿ. ಟಿವಿ ಪರದೆಯಲ್ಲಿ ಇರುವ ಲಿಕ್ವಿಡ್ ಕ್ರಿಸ್ಟಲ್ ಅನ್ನೇ ಬಳಸಿ ಕಿರಣ ತಿರುಗಿಸುತ್ತಾರೆ. 2016ರಲ್ಲಿ ಟೊಯೊಟಾ ಇದನ್ನು ಒಂದು ಕಾರಿನ ಚಾವಣಿಯೊಳಗೇ ಕೂರಿಸಿ ಡೆಟ್ರಾಯಿಟ್ ಪ್ರದರ್ಶನದಲ್ಲಿ ತೋರಿಸಿತ್ತು.

ನಾಲ್ಕನೆಯದೇ ಈಗ ಎಲ್ಲರ ಬಾಯಲ್ಲಿರುವ ಫೇಸ್ಡ್ ಅರೇ. ಸ್ಟಾರ್‌ಲಿಂಕ್‌ನ ಹಲಗೆ ಇದೇ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

## ಲಕ್ಷ್ಮೀ ರಸ್ತೆಯ ಢೋಲು

ಗಣೇಶನ ವಿಸರ್ಜನೆಯ ದಿನ ಪುಣೆಯ ಲಕ್ಷ್ಮೀ ರಸ್ತೆಯಲ್ಲಿ ಢೋಲ್-ತಾಶಾ ಪಥಕ ಹೋಗುವುದನ್ನು ನೋಡಿದ್ದೀರಲ್ಲ? ಐವತ್ತು ಢೋಲಿನವರು ರಸ್ತೆಗೆ ಅಡ್ಡಲಾಗಿ ಒಂದೇ ಸಾಲಿನಲ್ಲಿ ನಿಂತಿದ್ದಾರೆ ಅಂದುಕೊಳ್ಳಿ. ಎಲ್ಲರೂ ಒಂದೇ ಕ್ಷಣಕ್ಕೆ ಹೊಡೆದರೆ, ಸಾಲಿನ ನೇರ ಎದುರಿಗೆ ದೂರದಲ್ಲಿ ನಿಂತವನಿಗೆ ಎಲ್ಲ ಪೆಟ್ಟೂ ಒಟ್ಟಿಗೆ ಬಂದು ಎದೆ ನಡುಗುತ್ತದೆ. ಪಕ್ಕದಲ್ಲಿ ನಿಂತವನಿಗೆ ಹತ್ತಿರದ ಢೋಲು ಮೊದಲು, ದೂರದ್ದು ಆಮೇಲೆ. ಪೆಟ್ಟುಗಳು ಚದುರಿ ಕಲಸಿಹೋಗುತ್ತವೆ.

ಈಗ ಯಾರೂ ಜಾಗ ಬಿಟ್ಟು ಕದಲುವುದು ಬೇಡ. ಎಡತುದಿಯವನು ಮೊದಲು ಹೊಡೆಯಲಿ. ಅವನ ಪಕ್ಕದವನು ಒಂದು ಕೂದಲೆಳೆ ತಡವಾಗಿ. ಅವನ ಪಕ್ಕದವನು ಇನ್ನೊಂದು ಕೂದಲೆಳೆ. ಹೀಗೆ ಬಲತುದಿಯವರೆಗೆ. ಆಗ ಎಲ್ಲ ಪೆಟ್ಟೂ ಒಟ್ಟಿಗೆ ಸೇರುವುದು ನೇರ ಎದುರಿಗಲ್ಲ, ಬಲಕ್ಕೆ ಓರೆಯಾಗಿ ನಿಂತವನ ಎದೆಯಲ್ಲಿ. ತಡ ಎಷ್ಟು ಜಾಸ್ತಿ ಮಾಡುತ್ತೀರೋ ಸದ್ದು ಅಷ್ಟು ಬಲಕ್ಕೆ ವಾಲುತ್ತದೆ. ಸಾಲು ನಿಂತಲ್ಲೇ ಇದೆ, ಸದ್ದಿನ ದಿಕ್ಕು ಮಾತ್ರ ತಿರುಗಿತು.

ಫೇಸ್ಡ್ ಅರೇ ಇಷ್ಟೇ. ಢೋಲಿನ ಜಾಗದಲ್ಲಿ ಬೆರಳಿನ ಉಗುರಿನಷ್ಟು ಅಗಲದ ತಾಮ್ರದ ತುಂಡುಗಳು. ಪ್ರತಿಯೊಂದಕ್ಕೂ ಅಥವಾ ಕೆಲವಕ್ಕೆ ಸೇರಿ ಒಂದು ಚಿಪ್. ಎಷ್ಟು ತಡ ಮಾಡಬೇಕು ಎಂದು ಆ ಚಿಪ್‌ಗೆ ಕಂಪ್ಯೂಟರ್ ಹೇಳುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಕೆಯು ಬ್ಯಾಂಡ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಕಳಿಸುವುದು 14 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಅಲೆಯ ಉದ್ದ 2.1 ಸೆಂ.ಮೀ. ತುಂಡುಗಳ ನಡುವೆ ಸುಮಾರು ಅರ್ಧ ಅಲೆಯಷ್ಟು ಅಂತರ ಇಡಬೇಕು, ಅಂದರೆ 1.07 ಸೆಂ.ಮೀ. ಅದಕ್ಕಿಂತ ತುಂಬ ದೂರ ಇಟ್ಟರೆ ಬೇಡದ ಇನ್ನೊಂದು ದಿಕ್ಕಿನಲ್ಲೂ ಅಲೆಗಳು ತಾಳ ಸೇರಿ ಎರಡನೇ ಕಿರಣ ಹುಟ್ಟುತ್ತದೆ. ಈ ಅಂತರದಲ್ಲಿ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಹಲಗೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ತುಂಡುಗಳು ಹಿಡಿಯುತ್ತವೆ. ಕಿರಣವನ್ನು 30 ಡಿಗ್ರಿ ಓರೆ ಮಾಡಬೇಕೆಂದರೆ ಪಕ್ಕದ ತುಂಡಿಗೆ ಕಾಲು ಅಲೆಯಷ್ಟು ತಡ ಕೊಡಬೇಕು. ಸಮಯದ ಲೆಕ್ಕದಲ್ಲಿ, ಒಂದು ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅಂಥ 18 ಭಾಗ!

ಇದರ ದೊಡ್ಡ ಲಾಭ ವೇಗ. ಮೋಟರ್ ಇಲ್ಲ, ಸವೆಯುವ ಗೇರ್ ಇಲ್ಲ. ಒಂದು ಉಪಗ್ರಹದಿಂದ ಇನ್ನೊಂದಕ್ಕೆ ಕಿರಣ ಜಿಗಿಯಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ಕೆಳಗಿನ ಕಕ್ಷೆಯ ಉಪಗ್ರಹಗಳು ಮನೆಮನೆಗೆ ಬರಲು ಸಾಧ್ಯವಾದದ್ದು ಈ ಹಲಗೆ ಅಗ್ಗವಾದ ಮೇಲೆಯೇ. ಗಾಡಿಗೂ ಇದೇ ಒಗ್ಗುತ್ತದೆ. ಉಪಗ್ರಹವೇ ಓಡುತ್ತಿದ್ದರೂ ಹಿಡಿಯಬಲ್ಲ ಹಲಗೆಗೆ ಗಾಡಿಯ ಕುಲುಕಾಟ ಸಣ್ಣ ಹೆಚ್ಚುವರಿ ಕೆಲಸ.

ಅಂದಹಾಗೆ, ಆರ್ವಿಗೆ ಹೋದವರು ಪಕ್ಕದ ಖೋಡದ್‌ಗೂ ಹೋಗಿ ಬನ್ನಿ. ಅಲ್ಲಿನ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಲ್ಲಿ 45 ಮೀಟರ್ ಅಗಲದ 30 ಡಿಶ್‌ಗಳಿವೆ. ಅವು ಹಲವು ಕಿಲೋಮೀಟರ್ ದೂರಕ್ಕೆ ಹರಡಿವೆ. ಅವುಗಳ ಸಿಗ್ನಲ್‌ಗಳನ್ನು ತಡ ಸರಿಪಡಿಸಿಯೇ ಕೂಡಿಸುತ್ತಾರೆ. ಬಸ್ಸಿನ ಹಲಗೆಯಲ್ಲಿ ಸೆಂಟಿಮೀಟರ್ ಲೆಕ್ಕ, ಅಲ್ಲಿ ಕಿಲೋಮೀಟರ್ ಲೆಕ್ಕ.

## ಮಲಗಿದ ಹಲಗೆಗೆ ತೆರಬೇಕಾದ ಬೆಲೆ

ಚಪ್ಪಟೆ ಆಂಟೆನಾದ ನಿಜವಾದ ಕಷ್ಟ ಈಗ ಬರುತ್ತದೆ. ಡಿಶ್ ಆದರೆ ಉಪಗ್ರಹದ ಕಡೆ ಮುಖ ಮಾಡುತ್ತದೆ. ಯಾವಾಗಲೂ ಪೂರ್ತಿ ಮೈ ಒಡ್ಡಿಕೊಂಡಿರುತ್ತದೆ. ಹಲಗೆ ಬಸ್ಸಿನ ಮೇಲೆ ಮಲಗಿದೆ. ಉಪಗ್ರಹ ನೆತ್ತಿಯ ಮೇಲಿದ್ದರೆ ಅದಕ್ಕೆ ಹಲಗೆಯ ಪೂರ್ತಿ ಮೈ ಕಾಣುತ್ತದೆ. ಉಪಗ್ರಹ ದಿಗಂತದ ಕಡೆ ಇಳಿದಷ್ಟೂ ಹಲಗೆ ಓರೆಯಾಗಿ, ತೆಳ್ಳಗೆ ಕಾಣುತ್ತದೆ. ನೆತ್ತಿಯಿಂದ 60 ಡಿಗ್ರಿ ಇಳಿದರೆ ಹಲಗೆ ಅರ್ಧದಷ್ಟೇ. ನಿಜದಲ್ಲಿ ನಷ್ಟ ಅದಕ್ಕಿಂತಲೂ ಜಾಸ್ತಿ. ತಾಮ್ರದ ತುಂಡುಗಳು ಓರೆ ದಿಕ್ಕಿಗೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಪಕ್ಕಪಕ್ಕದವು ಒಂದಕ್ಕೊಂದು ತೊಂದರೆಯನ್ನೂ ಕೊಡುತ್ತವೆ. ಓರೆಯಾದಾಗ ಕಿರಣವೂ ಅಗಲವಾಗಿ ಪಕ್ಕದ ಉಪಗ್ರಹಗಳ ಕಡೆ ಚಾಚುತ್ತದೆ.

ಹಾಗಾದರೆ ನಾವು ಭೂಮಿಯ ಮೇಲೆ ಎಲ್ಲಿದ್ದೇವೆ ಅನ್ನುವುದರ ಮೇಲೆ ಹಲಗೆಯ ಬೆಲೆ ನಿಂತಿದೆ. ಲಂಡನ್‌ನಿಂದ ನೋಡಿದರೆ ಭೂಸ್ಥಿರ ಉಪಗ್ರಹ ನೇರ ದಕ್ಷಿಣದಲ್ಲಿದ್ದರೂ ದಿಗಂತದಿಂದ 31 ಡಿಗ್ರಿ ಮಾತ್ರ ಮೇಲೆ. ಅಲ್ಲಿ ಬಸ್ಸಿನ ಮೇಲಿನ ಹಲಗೆ ಅರ್ಧ ಮೈ ಕಳೆದುಕೊಂಡೇ ಕೆಲಸ ಶುರು ಮಾಡಬೇಕು. ದೆಹಲಿಗೆ ಬಂದರೆ, ಉಪಗ್ರಹ ನಮ್ಮದೇ ರೇಖಾಂಶದ ಹತ್ತಿರ ಇದ್ದರೆ, 57 ಡಿಗ್ರಿ ಆಗುತ್ತದೆ. ಪುಣೆಯಲ್ಲಿ 68, ಪಣಜಿಯಲ್ಲಿ 72. ಪುಣೆಯಲ್ಲಿ ಹಲಗೆ ಕಳೆದುಕೊಳ್ಳುವುದು ನೂರಕ್ಕೆ ಏಳೆಂಟು ಭಾಗ. ನಮ್ಮ ಕಡೆಯ ಜನಕ್ಕೆ ಇದು ಸುಮ್ನೆ ಸಿಕ್ಕ ಲಾಭ.

ಆದರೆ ಹಿಗ್ಗುವ ಮುಂಚೆ ಎರಡು ಮಾತು. ಮೋಟರಿನಿಂದ ತಿರುಗುವ ಆಂಟೆನಾಕ್ಕೆ ನೆತ್ತಿಯ ಹತ್ತಿರದ ಉಪಗ್ರಹ ತಲೆನೋವು. ಗಾಡಿ ಇಲ್ಲವೇ ದೋಣಿ ವಾಲಿ ಉಪಗ್ರಹ ಸರಿಯಾಗಿ ನೆತ್ತಿಗೇ ಬಂದರೆ, ಸಣ್ಣ ಅಲುಗಾಟಕ್ಕೂ ಆಂಟೆನಾ ಗಿರಗಿರನೆ ಅರ್ಧ ಸುತ್ತು ತಿರುಗಬೇಕಾಗುತ್ತದೆ. ಮೋಟರ್ ಅಷ್ಟು ಬೇಗ ತಿರುಗದೆ ಸಿಗ್ನಲ್ ಹೋಗುತ್ತದೆ. ಅದಕ್ಕೇ ಹಡಗಿನ ಗುಮ್ಮಟದೊಳಗೆ ಮೂರನೇ ತಿರುಗುಣಿ ಸೇರಿಸುತ್ತಾರೆ. ಇನ್ನೊಂದು, ಸ್ಟಾರ್‌ಲಿಂಕ್‌ನ ಬಹಳಷ್ಟು ಉಪಗ್ರಹಗಳು ಭೂಮಧ್ಯರೇಖೆಗೆ 53 ಡಿಗ್ರಿ ಓರೆಯ ಕಕ್ಷೆಗಳಲ್ಲಿ ಸುತ್ತುತ್ತವೆ. ಅಂಥವು ಯುರೋಪಿನ ಅಕ್ಷಾಂಶದಲ್ಲಿ ಗುಂಪುಗೂಡುತ್ತವೆ, ನಮ್ಮ ಅಕ್ಷಾಂಶದಲ್ಲಿ ವಿರಳ. ಭೂಸ್ಥಿರದಲ್ಲಿ ಉಳಿಸಿದ್ದನ್ನು ಇಲ್ಲಿ ಸ್ವಲ್ಪ ಕಳೆದುಕೊಳ್ಳುತ್ತೇವೆ.

## ಜುಲೈ ತಿಂಗಳ ಕೊಂಕಣದಲ್ಲಿ

ಮಳೆಹನಿ ಕೆಲವು ಮಿಲಿಮೀಟರ್ ದಪ್ಪ. ಅಲೆಯ ಉದ್ದ ಹನಿಯ ಗಾತ್ರಕ್ಕೆ ಹತ್ತಿರ ಬಂದಷ್ಟೂ ಮಳೆ ಸಿಗ್ನಲನ್ನು ಜಾಸ್ತಿ ನುಂಗುತ್ತದೆ. ಕೆಯು ಬ್ಯಾಂಡ್‌ನಲ್ಲಿ ಅಲೆ ಎರಡು ಸೆಂ.ಮೀ. ದಾಟುತ್ತದೆ. ಅದಕ್ಕಿಂತ ಮೇಲಿನ ಕೆಎ ಬ್ಯಾಂಡ್‌ನಲ್ಲಿ, 30 ಗಿಗಾಹರ್ಟ್ಸ್‌ಗೆ, ಒಂದೇ ಸೆಂ.ಮೀ. ಕೆಎ ಬ್ಯಾಂಡ್‌ನಲ್ಲಿ ಜಾಗ ಜಾಸ್ತಿ, ವೇಗ ಜಾಸ್ತಿ. ಮಳೆಯ ಕಾಟವೂ ಜಾಸ್ತಿ.

ಚಪ್ಪಟೆ ಹಲಗೆಗೆ ಇನ್ನೊಂದು ಕಾಟ ಇದೆ. ಗುಮ್ಮಟದ ಮೇಲೆ ಬಿದ್ದ ನೀರು ಜಾರಿ ಹೋಗುತ್ತದೆ. ಚಪ್ಪಟೆ ಮೇಲ್ಮೈಯಲ್ಲಿ ತೆಳ್ಳಗೆ ಪದರವಾಗಿ ನಿಲ್ಲುತ್ತದೆ. ಆಕಾಶದಲ್ಲಿ ಚದುರಿದ ಹನಿಗಿಂತ ಮುಚ್ಚಳದ ಮೇಲೆ ಅಂಟಿದ ಈ ನೀರಿನ ಹಾಳೆ ಕೆಲವೊಮ್ಮೆ ಜಾಸ್ತಿ ನಷ್ಟ ಮಾಡುತ್ತದೆ. ಅದಕ್ಕೇ ಮುಚ್ಚಳಕ್ಕೆ ಸ್ವಲ್ಪ ಇಳಿಜಾರು ಕೊಡುತ್ತಾರೆ, ಕೆಸುವಿನ ಎಲೆಯ ಮೇಲಿನ ಹಾಗೆ ನೀರು ನಿಲ್ಲದ ಲೇಪ ಬಳಿಯುತ್ತಾರೆ. ಬಸ್ಸು ಓಡುತ್ತಿದ್ದರೆ ಗಾಳಿಯೇ ಒರೆಸಿಬಿಡುತ್ತದೆ. ಟೋಲ್‌ನಲ್ಲಿ ನಿಂತಾಗ ನೋಡಬೇಕು.

ಮರಗಳ ಮಾತು ಬೇರೆ. ಚೋರ್ಲಾದಂಥ ಕಡೆ ಎರಡೂ ಬದಿಯ ಮರ ರಸ್ತೆಯ ಮೇಲೆ ಚಪ್ಪರ ಹಾಕಿರುತ್ತವೆ. ಒದ್ದೆ ಎಲೆಗಳ ಚಪ್ಪರ ದಾಟಿ ಕೆಯು ಬ್ಯಾಂಡ್ ಬರುವುದು ಕಷ್ಟ. ಫೋನ್ ಟವರ್ ಇಲ್ಲದ ಜಾಗವೇ ಉಪಗ್ರಹಕ್ಕೂ ಕಷ್ಟದ ಜಾಗ ಆಗಿರುವುದು ನಮ್ಮ ಪಶ್ಚಿಮ ಘಟ್ಟದ ದುರದೃಷ್ಟ.

ಸುರಂಗದಲ್ಲಂತೂ ಕೇಳುವುದೇ ಬೇಡ. ರತ್ನಾಗಿರಿ ಹತ್ತಿರದ ಕರಬುಡೆ ಸುರಂಗ ಆರೂವರೆ ಕಿ.ಮೀ. ಉದ್ದ. ರೈಲು ಗಂಟೆಗೆ 90 ಕಿ.ಮೀ. ಓಡಿದರೂ ನಾಲ್ಕು ನಿಮಿಷ ಕತ್ತಲು. ಯಾವ ಆಂಟೆನಾ ಹಾಕಿದರೂ ಅಷ್ಟು ಹೊತ್ತು ಉಪಗ್ರಹ ಇಲ್ಲ. ಹಾಗಾಗಿ ರೈಲಿನ ವೈಫೈ ವ್ಯವಸ್ಥೆಗಳು ಒಂದನ್ನೇ ನಂಬುವುದಿಲ್ಲ. ಉಪಗ್ರಹ, ಮೊಬೈಲ್ ಟವರ್ ಎರಡನ್ನೂ ಬೆರೆಸಿ, ಸಿನಿಮಾದಂಥವನ್ನು ಬೋಗಿಯ ಸರ್ವರ್‌ನಲ್ಲೇ ಮೊದಲೇ ತುಂಬಿಸಿ ಇಡುತ್ತಾರೆ.

## ಬಿಸಿಲು ಮತ್ತು ಲಗೇಜು

ಹಲಗೆಯೊಳಗಿನ ಚಿಪ್‌ಗಳು ತಿನ್ನುವ ಕರೆಂಟಿನ ಬಹುಪಾಲು ಶಾಖವಾಗಿ ಹೋಗುತ್ತದೆ. ಮನೆ ಬಳಕೆಯ ಹಲಗೆಗಳೇ ಹತ್ತಿರ ಹತ್ತಿರ 100 ವ್ಯಾಟ್ ಎಳೆಯುತ್ತವೆ. ಮೇ ತಿಂಗಳ ಪುಣೆಯ ಬಿಸಿಲಿನಲ್ಲಿ ಕಾದ ತಗಡಿನ ಚಾವಣಿ, ಅದರ ಮೇಲೆ ಒಳಗಿನಿಂದಲೂ ಬೇಯುವ ಹಲಗೆ. ತೆಳ್ಳಗೆ ಮಾಡಬೇಕೆಂದರೆ ಫ್ಯಾನ್ ಇಡಲು ಜಾಗ ಇಲ್ಲ. ಇಡೀ ಹಿಂಬದಿಯನ್ನೇ ಲೋಹದ ರೆಕ್ಕೆಗಳಾಗಿಸಿ ಶಾಖ ಬಿಡುವಂತೆ ಮಾಡುತ್ತಾರೆ. ಬಿಸಿ ಮಿತಿ ಮೀರಿದರೆ ಹಲಗೆ ತಾನೇ ವೇಗ ಇಳಿಸುತ್ತದೆ, ಇಲ್ಲವೇ ಆಫ್ ಆಗುತ್ತದೆ.

ನಮ್ಮ ಕಡೆಯ ಬಸ್ಸಿನವರಿಗೆ ಒಂದು ಕಿವಿಮಾತೂ ಬೇಕು. ರಾತ್ರಿ ಬಸ್ಸಿನ ಚಾವಣಿ ಅಂದರೆ ಪಾರ್ಸೆಲ್ ಗೋದಾಮು. ಈರುಳ್ಳಿ ಮೂಟೆ, ಕಟ್ಟಿದ ಬೈಕು, ಮೇಲೊಂದು ಟಾರ್ಪಾಲು. ಹಲಗೆಗೆ ನೆತ್ತಿಯಿಂದ ಅರವತ್ತು ಡಿಗ್ರಿ ತನಕ ಸುತ್ತಲೂ ಆಕಾಶ ಕಾಣಬೇಕು. ಪಕ್ಕದಲ್ಲಿ ಬೈಕು ನಿಂತರೆ ಆ ಬದಿಯ ಉಪಗ್ರಹಗಳು ಲೆಕ್ಕಕ್ಕಿಲ್ಲ.

## ಸಣ್ಣ ಸಂದೇಶಕ್ಕೆ ಇಷ್ಟೆಲ್ಲ ಬೇಡ

ಎಲ್ಲರಿಗೂ ವಿಡಿಯೊ ಬೇಕಿಲ್ಲ. ಮೀನುಗಾರನಿಗೆ ಬೇಕಾದದ್ದು 'ಬಿರುಗಾಳಿ ಬರುತ್ತಿದೆ, ವಾಪಸ್ ಬಾ' ಎಂಬ ಒಂದು ಸಾಲು. ಅಪಾಯವಾದರೆ ದಡಕ್ಕೆ ಹೇಳಲು ಒಂದು ಗುಂಡಿ. 2024ರ ಆಗಸ್ಟ್ 30ರಂದು ಮುಂಬೈ ಪಕ್ಕದ ಪಾಲ್ಘರ್‌ನಲ್ಲಿ ಪ್ರಧಾನಿ ಮೋದಿ ಒಂದು ಯೋಜನೆಗೆ ಚಾಲನೆ ಕೊಟ್ಟರು. ದೇಶದ ಕರಾವಳಿಯ ಒಂದು ಲಕ್ಷ ದೋಣಿಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್, ಅಂದರೆ ಉಪಗ್ರಹದ ಮೂಲಕ ಸಂದೇಶ ಕಳಿಸಿ ಪಡೆಯುವ ಪೆಟ್ಟಿಗೆ, ಉಚಿತವಾಗಿ ಹಾಕುವುದು ಗುರಿ. ಗೋವಾದ ದೋಣಿಗಳಲ್ಲಿ ದುಡಿಯುವ ಕಾರವಾರ, ಅಂಕೋಲಾ ಕಡೆಯವರು ಇದನ್ನು ಕಣ್ಣಾರೆ ನೋಡಬಹುದು.

ಆ ಪೆಟ್ಟಿಗೆಯಲ್ಲಿ ಸಾವಿರಾರು ಚಿಪ್ ಇಲ್ಲ, ತಿರುಗುವ ಡಿಶ್ಶೂ ಇಲ್ಲ. ಸಣ್ಣ ಸಂದೇಶಕ್ಕೆ ಬಹಳ ಕಡಿಮೆ ಶಕ್ತಿ ಸಾಕು. ಹಾಗಾಗಿ ಇಡೀ ಆಕಾಶವನ್ನು ನೋಡುವ ಅಗಲ ಕಿರಣದ ಪುಟ್ಟ ಆಂಟೆನಾ ಸಾಕಾಗುತ್ತದೆ. ದೋಣಿ ಎಷ್ಟೇ ಹೊಯ್ದಾಡಿದರೂ ಗುರಿ ಹಿಡಿಯುವ ಗೊಡವೆ ಇಲ್ಲ. ಇಂಥ ಸೇವೆಗೆ ಎಸ್ ಬ್ಯಾಂಡ್ ಒಳ್ಳೆಯದು. ಅಲೆಯ ಉದ್ದ ಹತ್ತು ಸೆಂ.ಮೀ. ದಾಟುವುದರಿಂದ ಮಳೆ ಏನೂ ಮಾಡುವುದಿಲ್ಲ. ಕೆಳಗೆ ಆಂಟೆನಾ ಸಣ್ಣದಾದರೆ ಮೇಲೆ ದೊಡ್ಡದಿರಬೇಕು. 2015ರಲ್ಲಿ ಇಸ್ರೋ ಹಾರಿಸಿದ ಜಿಸ್ಯಾಟ್-6 ಉಪಗ್ರಹ ಈ ಲೆಕ್ಕಕ್ಕಾಗಿಯೇ ಆರು ಮೀಟರ್ ಅಗಲದ, ಮಡಚಿ ಒಯ್ದು ಬಾಹ್ಯಾಕಾಶದಲ್ಲಿ ಬಿಚ್ಚುವ ಎಸ್ ಬ್ಯಾಂಡ್ ಆಂಟೆನಾ ಹೊತ್ತಿತ್ತು.

## ನಾವೇ ತಂದು ಹಾಕಿಕೊಳ್ಳಬಹುದಾ?

ಹೊರದೇಶದಲ್ಲಿರುವ ಮಗ ಒಂದು ಹಲಗೆ ಕೊಂಡು ತಂದರೆ ಕಾರಿನ ಮೇಲೆ ಅಂಟಿಸಬಹುದಾ ಎಂದು ಕೇಳುವವರಿದ್ದಾರೆ. ಬೇಡ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಉಪಗ್ರಹ ಫೋನ್‌ನಂಥ ಸಾಧನ ಇಟ್ಟುಕೊಳ್ಳುವುದೇ ಅಪರಾಧ. 2008ರ ಮುಂಬೈ ದಾಳಿಕೋರರು ಉಪಗ್ರಹ ಫೋನ್ ಬಳಸಿದ್ದರು. ಈ ವಿಷಯದಲ್ಲಿ ಪೊಲೀಸರ ಕಣ್ಣು ತೀಕ್ಷ್ಣ. ಸುಮ್ನೆ ಬೆಟ್ಟ ಹತ್ತಲು ತಂದ ಸಣ್ಣ ಸಾಧನಕ್ಕೇ ಗೋವಾ ವಿಮಾನ ನಿಲ್ದಾಣದಲ್ಲಿ ವಿದೇಶಿ ಪ್ರವಾಸಿಗರು ಸಿಕ್ಕಿಬಿದ್ದದ್ದುಂಟು. ಅಲ್ಲದೆ ಹಲಗೆಯೊಳಗೇ ಜಿಪಿಎಸ್ ಇದೆ. ಸೇವೆಗೆ ಅನುಮತಿ ಇಲ್ಲದ ಜಾಗದಲ್ಲಿ ಕಂಪನಿ ಅದನ್ನು ತೆಪ್ಪಗೆ ಕೂರಿಸಬಹುದು.

ನಿಂತ ಮನೆಗೆ ಕೊಡುವ ಅನುಮತಿ ಬೇರೆ, ಓಡುವ ವಾಹನಕ್ಕೆ ಕೊಡುವ ಅನುಮತಿ ಬೇರೆ. ಭಾರತದಲ್ಲಿ ವಿಮಾನ ಮತ್ತು ಹಡಗುಗಳಿಗೆ 2018ರ ಡಿಸೆಂಬರ್‌ನಲ್ಲೇ ಪ್ರತ್ಯೇಕ ನಿಯಮ ಬಂತು. ಮರುವರ್ಷ ನವಿ ಮುಂಬೈಯ ನೆಲ್ಕೊ ಕಂಪನಿ ಹಡಗುಗಳಿಗೆ ಸೇವೆ ಶುರು ಮಾಡಿತು. ನಾಳೆ ಯಾರಾದರೂ ಗಾಡಿಗೆ ಹಾಕುವ ಹಲಗೆ ಮಾರಲು ಬಂದರೆ ವೇಗ ಎಷ್ಟು, ಬೆಲೆ ಎಷ್ಟು ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ: ಓಡುವಾಗ ಬಳಸಲು ಇದಕ್ಕೆ ಅನುಮತಿ ಇದೆಯಾ, ಅಥವಾ ನಿಂತಾಗ ಮಾತ್ರವಾ? ನೆತ್ತಿಯಿಂದ ಎಷ್ಟು ಡಿಗ್ರಿ ಓರೆಯವರೆಗೆ ಇದು ಉಪಗ್ರಹ ಹಿಡಿಯುತ್ತದೆ?